ದೊಡ್ಡವರು ಬಂದಾಗ ಹೊರಗಿದ್ದ ಮೂವರು

ಗೋಕಾಕದಿಂದ ಕುಲಗೋಡದ ಕಡೆ ಹೋಗೋ ಮುಂಜಾನಿ ಎಂಟೂವರಿ ಬಸ್ಸಿನ್ಯಾಗ ಡ್ರೈವರನ ಹಿಂದಿನ ಸೀಟು ಯಾರದಂತ ಕೇಳಿ ನೋಡ್ರಿ. "ಅದು ದಾಕ್ಷಾಯಿಣಿ ಅಕ್ಕೋರ್ದು, ಏಳ್ರಿ ಮ್ಯಾಲ" ಅಂತಾನ ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಅದ ಸೀಟು, ಅದ ಹಾದಿ. ಬಸ್ ಇಳಿದು, ಕಬ್ಬಿನ ನಡುವಿನ ಹಾದಿಯೊಳಗ ಇಪ್ಪತ್ತು ನಿಮಿಷ ನಡೆದ್ರ ಅಕ್ಕೋರ ತ್ವಾಟದ ಸಾಲಿ. ಸಾಲಿ ಯಾವುದು ಅಂತ ಮಾತ್ರ ನಾ ಹೇಳಂಗಿಲ್ಲ. ಹೇಳಿದ್ರ ನಾಳೆ ಆ ಊರವರೆಲ್ಲಾ ಬಂದು ನನ್ನ ಮನಿ ಕಟ್ಟಿ ಮ್ಯಾಲ ಜಗಳಕ್ಕ ಕುಂದ್ರತಾರ. ಎರಡು ಖೋಲಿ, ಒಂದು ಅಡಗಿ ಖೋಲಿ, ನಲವತ್ತೊಂದು ಮಕ್ಕಳು, ಇಷ್ಟು ತಿಳಿದ್ರ ಸಾಕು.

ಈ ಕಥಿ ನಡೆದಾಗ ಅಕ್ಕೋರಿಗೆ ನಲವತ್ತಾರು ವರ್ಷ. ನೌಕರಿ ಸೇರಿ ಇಪ್ಪತ್ತೊಂದು ವರ್ಷ ಆಗಿತ್ತು. ಅದಕ್ಕ ಮೂರು ವರ್ಷ ಮೊದಲ, ಮಗಳು ಪಿ.ಯು.ಸಿ. ಮುಗಿಸಿ ಅರಭಾವಿ ತೋಟಗಾರಿಕಾ ಕಾಲೇಜಿಗೆ ಹೋಗಾಕ ಹತ್ತಿದ ವರ್ಷ, ಅಕ್ಕೋರಿಗೂ ಏನ್ ಹುರುಪು ಬಂತೋ ಏನೋ, ದೂರಶಿಕ್ಷಣದಾಗ ಶಿಕ್ಷಣಶಾಸ್ತ್ರದ ಎಂ.ಎ.ಗೆ ಹೆಸರು ಹಚ್ಚಿದ್ರು. ಗಂಡ ಸೋಮಶೇಖರ ಗೋಕಾಕ ಬಸ್‌ಸ್ಟ್ಯಾಂಡ್ ಬಾಜೂ ಪಂಪಿನ ಮೋಟರ್ ರಿಪೇರಿ ಅಂಗಡಿ ಇಟ್ಟವ, ಬಾಯಿ ಸ್ವಲ್ಪ ಚುರುಕು. "ಹದಿನೆಂಟ ವರ್ಷ ಹುಡುಗರಿಗೆ ಪರೀಕ್ಷಾ ಕೊಟ್ಟಿ. ಈಗ ನಿನಗ ಯಾರರ ಕೊಡ್ಲಿ ಬಿಡು, ನಾ ನೋಡ್ತೀನಿ" ಅಂದಿದ್ದ.

ಪೇಪರ್ ಎಲ್ಲಾ ಪಾಸಾದ್ವು. ಉಳಿದಿದ್ದು ಒಂದು ಪ್ರಬಂಧ. ಹೆಸರು ಹಚ್ಚಿ ನಾಲ್ಕನೇ ವರ್ಷ ನಡೆದಿತ್ತು. ಮಾರ್ಚ್ ಮೂವತ್ತೊಂದರ ಒಳಗ ಕೊಡದಿದ್ರ ನೋಂದಣಿ ಖಲಾಸ್, ಓದಿದ್ದೆಲ್ಲಾ ನೀರಾಗ ಹೋದಂಗ. ಮೊದಲಿನ ಗೈಡ್ ನಿವೃತ್ತಿ ಆಗಿ, ಹೊಸಾ ಗೈಡ್ ಬಂದ್ರು. ಹೆಸರು ಮೇಘಾ. ಹುಕ್ಕೇರಿ ಕಡೆಯವರು, ಮನಿಯೊಳಗ ಮರಾಠಿ, ಹೊರಗ ಅಗದಿ ಖಡಕ್ ಕನ್ನಡ. ವಯಸ್ಸು ಮೂವತ್ತಮೂರು. ತನಗಿಂತ ಹದಿಮೂರು ವರ್ಷ ಸಣ್ಣಾಕಿ ಮುಂದ ಫೈಲ್ ಹಿಡಕೊಂಡು ನಿಂದ್ರೂದು ಅಂದ್ರ ಅಕ್ಕೋರಿಗೆ ಒಳಗ ಸ್ವಲ್ಪ ಚುಚ್ಚತಿತ್ತು, ಖರೆ ಹೇಳಬೇಕಂದ್ರ.

'ಮೂರನೇ ತರಗತಿಯ ಮಕ್ಕಳ ಓದಿನ ತೊಂದರೆಗಳು: ಒಂದು ಕ್ರಿಯಾ ಸಂಶೋಧನೆ.' ಇದು ವಿಷಯ. ಕ್ರಿಯಾ ಸಂಶೋಧನಾ ಅಂದ್ರ ಬ್ಯಾರೆ ಏನಲ್ರಿ. ತಾನು ಮಾಡೋ ಕೆಲಸಾನ ತಾನ ಕುಂತು ನೋಡೂದು, ಎಲ್ಲಿ ತಪ್ಪೇತಿ ಹುಡುಕೂದು, ತಿದ್ದಿ ಮಾಡೂದು, ಮತ್ತ ನೋಡೂದು, ಕಂಡದ್ದು ಕಂಡಂಗ ಬರಿಯೂದು. ಹೇಳಾಕ ಇಷ್ಟ ಸರಳ.

"ವಿಷಯ ಬಾಳ ಛಲೋ ಐತ್ರಿ ಅಕ್ಕಾರ. ಒಂದ್ಸಲ ನಿಮ್ಮ ವರ್ಗ ನೋಡಾಕ ಬರ್ತೀನಿ" ಅಂದ್ರು ಮೇಘಾ. "ಬರ್ರಿ ಬರ್ರಿ" ಅಂದ್ರು ಅಕ್ಕೋರು.

ಇಲ್ಲೇ ಆತು ನೋಡ್ರಿ ಎಡವಟ್ಟು.

ಸಾಲಿಗೆ ಯಾರರ ದೊಡ್ಡವರು ಬರ್ತಾರಂದ್ರ ಅಲ್ಲಿ ಒಂದು ಪದ್ಧತಿ ಇತ್ತು. ಅಂಗಳಕ್ಕ ರಂಗೋಲಿ ಬೀಳತಿತ್ತು, ಬೋರ್ಡಿನ ಮ್ಯಾಲ ಸುಂದರ ಅಕ್ಷರದಾಗ ತಾರೀಖು ಬೀಳತಿತ್ತು, ಶಾಣ್ಯಾ ಹುಡುಗರು ಮುಂದ ಬರ್ತಿದ್ವು. ಓದಾಕ ಬರದ ಮಕ್ಕಳಿಗೆ ಅವತ್ತು ಹೊರಗ ಏನರ ಕೆಲಸ ಹತ್ತತಿತ್ತು. ಗಿಡಕ್ಕ ನೀರು ಹಾಕೂದು, ಅಡಗಿ ಖೋಲಿಯೊಳಗ ತಾಟು ಎಣಿಸೂದು, ಅಂಥಾವು. ಇದನ್ನ ಅಕ್ಕೋರಿಗೆ ಯಾರೂ ಕಲಿಸಿದ್ದಿಲ್ಲ, ತಾವು ಸುಳ್ಳು ಮಾಡಾಕತ್ತೀವಂತ ಒಂದ ದಿನ ಅನಿಸಿದ್ದೂ ಇಲ್ಲ. ಮನಿಗೆ ಬೀಗರು ಬಂದಾಗ ಹರಿದ ಕೌದಿ ಒಳಗ ಒಯ್ದು ಇಡತೀವಲ್ಲ, ಹಂಗ ಕೈ ತಾನ ಮಾಡತಿತ್ತು.

ನವೆಂಬರದಾಗ ಮೇಘಾ ಬಂದ್ರು. ಹದಿನಾಲ್ಕು ಮಕ್ಕಳ ವರ್ಗದಾಗ ಹನ್ನೊಂದು ಮಕ್ಕಳು ಕುಂತಿದ್ವು. ಒಬ್ಬೊಬ್ಬರ ಎದ್ದು ಓದಿದ್ರು. ಏನ್ ಓದು ಅಂತೀರಿ! ಎಲ್ಲೂ ತಡವರಿಸಲಿಲ್ಲ. ಅಕ್ಕೋರ ಮಾರಿ ಅರಳಿತ್ತು. ಮೇಘಾ ನೋಟಬುಕ್ ಮುಚ್ಚಿ ಕೇಳಿದ್ರು: "ಎಲ್ಲಾರಿಗೂ ಬರ್ತೈತೆಲ್ರಿ ಅಕ್ಕಾರ. ಹಂಗಾರ ಓದಿನ ತೊಂದರಿ ಯಾರಿಗೈತಿ?"

ಅಯ್ಯ ಶಿವನ! ಅಕ್ಕೋರಿಗೆ ಆಗ ಹೊಳೀತು. ಯಾರ ಸಲುವಾಗಿ ಸಂಶೋಧನಾ ಮಾಡಬೇಕಿತ್ತೋ, ಅವರನ್ನ ಬಿಟ್ಟು ಉಳಿದವರನ್ನ ತೋರಿಸಿದ್ರು. "ಚಾ ತರಸ್ತೀನ್ರಿ" ಅಂದ್ರು.

ಮೇಘಾ ಕೈ ತೊಳಿಯಾಕ ಹೊರಗ ಹೋದ್ರು. ನೀರಿನ ಟಾಕಿ ಬಾಜೂ ಮೂರು ಮಕ್ಕಳು ಗಿಡಕ್ಕ ನೀರು ಹಾಕಾಕತ್ತಿದ್ವು. ಅಲ್ಲವ್ವ, ಉದ್ದಪ್ಪ, ಕಿಶೋರ.

"ನೀವು ಯಾವ ವರ್ಗದವರು?"

"ಮೂರನೇತ್ತ್ರಿ."

"ಮತ್ತ ಹೊರಗ ಯಾಕ ಅದೀರಿ?"

ಅಲ್ಲವ್ವ ಕೊಡ ಕೆಳಗಿಟ್ಟು ಕುತ್ತಿಗಿ ಎತ್ತಿ ಹೇಳಿದ್ಲು: "ದೊಡ್ಡವ್ರು ಬಂದಾಗ ನಮಗ ಹೊರಗಿನ ಕೆಲಸ ಇರ್ತೈತ್ರಿ. ನಾವು ನೀರು ಚೆಲ್ಲದಂಗ ಜ್ವಾಕಿಲೆ ಮಾಡ್ತೀವಂತ ಅಕ್ಕೋರು ನಮಗ ಹಚ್ಚತಾರ. ಬ್ಯಾರೆಯವ್ರಿಗೆ ಕೊಡಂಗಿಲ್ರಿ."

ಅಕ್ಕೋರು ಹಿಂದ ನಿಂತಿದ್ರು, ಎಲ್ಲಾ ಕೇಳಿಸಿತು. ಆ ಕೂಸಿನ ದನಿಯೊಳಗ ಒಂದೀಟು ಸಿಟ್ಟಿದ್ರ, ಒಂದು ದೂರಿದ್ರ ತಡಕೋತಿದ್ರೇನೋ. ಆಕಿ ದನಿಯೊಳಗ ಇದ್ದದ್ದು ಹೆಮ್ಮಿ. ಅಕ್ಕೋರಿಗೆ ನಾಚಿಗಿಲೆ ತಲಿ ಎತ್ತಲಾಗಲಿಲ್ಲ.

ಅಕ್ಕೋರು ಬಸ್ ಸ್ಟಾಪಿನ ತನಕ ಮೇಘಾರನ್ನ ಕಳಸಾಕ ಹೋದ್ರು. ಬಸ್ ಬಂದಾಗ ಮೇಘಾ ಅಂದ್ರು: "ನಾ ಬಯ್ಯಂಗಿಲ್ರಿ ಅಕ್ಕಾರ. ನಾನೂ ಐದು ವರ್ಷ ಕಣಗಲಾದ ಕಡೆ ಸಾಲಿ ಕಲಿಸೀನಿ, ಎಲ್ಲಾ ಗೊತ್ತೈತಿ. ಆದ್ರ ನಿಮ್ಮ ಸಂಶೋಧನಾ ಆ ಮೂರು ಮಕ್ಕಳಿಂದ ಶುರು ಆಗಬೇಕು."

ಅವತ್ತ ಸಂಜಿಕ ಮನಿಗೆ ಬಂದು ಅಕ್ಕೋರು ಚಪ್ಪಲಿ ಸೈತ ಬಿಡದ ಅತ್ತುಬಿಟ್ರು. ಸೋಮಶೇಖರ ಗಾಬರಿ ಆಗಿ ತಾನ ಚಾ ಮಾಡಿ ತಂದ. ಎಲ್ಲಾ ಕೇಳಿದ.

"ಬಿಟ್ಟಬಿಡ್ತೀನಿ ಈ ಡಿಗ್ರಿ. ನನಗ್ಯಾಕ ಬೇಕಿತ್ತು ಈ ವಯಸ್ಸಿನ್ಯಾಗ" ಅಂದ್ರು ಅಕ್ಕೋರು.

"ಬಿಡು" ಅಂದ ಅಂವ. "ಆದ್ರ ನಾಳೆ ಸಾಲಿಗೆ ಹೋಗ್ತಿಯಲ್ಲ. ಆ ಮೂರು ಮಂದಿ ಎಲ್ಲಿ ಕುಂದ್ರತಾರ?"

ಯಾವಾಗಲೂ ನಗಿಯಾಡಿ ಚಾಷ್ಟಿ ಮಾಡೋ ಮನಿಷಾ ಅಪರೂಪಕ್ಕ ಇಂಥಾ ಮಾತು ಆಡಿದ್ರ ಬಾಳ ತಾಗ್ತೈತಿ. ಮರುದಿನ ಮೂವರೂ ಮುಂದ ಕುಂತ್ರು.

ಮೇಘಾ ಒಂದು ಕೆಲಸ ಕೊಟ್ಟಿದ್ರು. ಎರಡು ವಾರ ಆ ಮಕ್ಕಳನ್ನ ಬರೇ ನೋಡಬೇಕು, ನೋಡಿದ್ದು ಬರೀಬೇಕು. ತಿದ್ದಬಾರದು. ಇಪ್ಪತ್ತೊಂದು ವರ್ಷ ತಿದ್ದಿದ ಕೈಗೆ ಇದಕ್ಕಿಂತ ದೊಡ್ಡ ಶಿಕ್ಷಾ ಇಲ್ಲ. ಅಕ್ಕೋರು ಮೊದಲನೇ ದಿನ ಡೈರಿಯೊಳಗ ಬರದ್ರು: 'ಅಲ್ಲವ್ವ ದಡ್ಡಿ. ಲಕ್ಷ್ಯ ಇಲ್ಲ. ಮನೆಯಲ್ಲಿ ಕಲಿತವರಿಲ್ಲ.' ಮುಗೀತು. ಶನಿವಾರ ಆ ಡೈರಿ ಗೋಕಾಕದ ಅಭ್ಯಾಸ ಕೇಂದ್ರದಾಗ ಮೇಘಾರ ಕೈಗೆ ಹೋತು, ಸೋಮವಾರ ಕೆಂಪು ಶಾಯಿ ಹಚ್ಚಿಕೊಂಡು ತಿರುಗಿ ಬಂತು: 'ದಡ್ಡತನ ಕಣ್ಣಿಗೆ ಹೇಗೆ ಕಂಡಿತು? ಕಂಡದ್ದನ್ನು ಮಾತ್ರ ಬರೆಯಿರಿ.'

"ಈಕಿ ಹುಟ್ಟಿದಾಗ ನಾ ಏಳನೇತ್ತ ಓದತಿದ್ದೆ! ನನಗ ಕಲಸ್ತಾಳ!" ಅಂತ ಅಕ್ಕೋರು ಬಸ್ಸಿನ್ಯಾಗ ಒಬ್ರ ಗೊಣಗಿದ್ದನ್ನ ಕಂಡಕ್ಟರ್ ಕೇಳಿಸಿಕೊಂಡು ನಕ್ಕ. ಸಿಟ್ಟಿನ ಭರಕ್ಕ ಮರುದಿನ ಆ ಮೂರು ಮಕ್ಕಳನ್ನ ಕಣ್ಣು ಕಿತ್ತು ಹೋಗೋವಂಗ ನೋಡಿದ್ರು. ನೋಡಿದಂಗೆಲ್ಲಾ ಸಿಟ್ಟು ಇಳೀತು, ಬ್ಯಾರೇನ ಕಾಣಾಕ ಹತ್ತಿತು.

ಕಿಶೋರ ಬೋರ್ಡ್ ನೋಡುವಾಗ ತಲಿ ಎಡಕ್ಕ ವಾಲಿಸಿ ಒಂದು ಕಣ್ಣು ಸಣ್ಣದು ಮಾಡತಿದ್ದ. ಬರಿಯುವಾಗ ಬೋರ್ಡ್ ನೋಡಂಗಿಲ್ಲ, ಬಾಜೂದವನ ಪಾಟಿ ನೋಡತಿದ್ದ. ಅಕ್ಕೋರು ಅವನನ್ನ ಮೂಡಲಗಿ ಸರಕಾರಿ ದವಾಖಾನಿಗೆ ಕರಕೊಂಡು ಹೋದ್ರು. ಡಾಕ್ಟರ್ ಕಣ್ಣು ತಪಾಸಿ ಮಾಡಿ, "ಇಷ್ಟು ದಿನ ಈ ಹುಡುಗ ಹೆಂಗ ಓಡ್ಯಾಡಿದ್ನೋ" ಅಂದ್ರು. ಚಾಳೀಸ ಬಂದ ಮ್ಯಾಲ ಅಂವ ಒಂದ ತಿಂಗಳದಾಗ ಎಲ್ಲಾರನೂ ಹಿಂದ ಹಾಕಿದ. ಎರಡು ವರ್ಷ ಅವನ್ನ ಗ್ವಾಡಿಗೆ ಹತ್ತಿ ಹಿಂದ ಕುಂದ್ರಿಸಿದವರು ಯಾರು? ಅದನ್ನೂ ಅಕ್ಕೋರು ಡೈರಿಯೊಳಗ ಬರದ್ರು, ತಮ್ಮ ಹೆಸರು ಹಾಕಿನ.

ಅಲ್ಲವ್ವನ ಗುಟ್ಟು ತಿಳಿಯಾಕ ಹೊತ್ತು ಹಿಡೀತು. ಎಲ್ಲಾರೂ ಕೂಡಿ ರಾಗದಾಗ ಓದುವಾಗ ಆಕಿ ಬಾಯಿ ಚಂದ ಆಡತಿತ್ತು. ಹತ್ತಿರ ನಿಂತು ನೋಡಿದಾಗ ಗೊತ್ತಾತು, ಆಕಿ ಕಣ್ಣು ಪುಸ್ತಕದ ಮ್ಯಾಲ ಇಲ್ಲ, ಬಾಜೂದಾಕಿ ತುಟಿ ಮ್ಯಾಲ ಐತಿ. ತುಟಿ ನೋಡಿ ಅರ್ಧ ಗಳಿಗಿ ತಡದು ತಾನೂ ಅಂತಾಳ. ಎರಡೂವರಿ ವರ್ಷ ಆಕಿ ಹಿಂಗ ತುಟಿ ನೋಡಿ ಸಾಲಿ ಕಲಿತಿದ್ಲು. ಇಷ್ಟು ಮಾಡಾಕ ಎಷ್ಟು ಶಾಣ್ಯಾತನ ಬೇಕು, ಹೇಳ್ರಿ. ಆಕಿಗೆ ದಡ್ಡಿ ಅಂದವರಿಗೆ ಏನನ್ನಬೇಕು.

ಒಬ್ಬಾಕಿನ ಎಬ್ಬಿಸಿ ಓದಿಸಿದ್ರ ಯಾಕ ಬರವಲ್ದು ಅನ್ನೂದು ಮಾತ್ರ ತಿಳೀಲಿಲ್ಲ. ಮೇಘಾ ಫೋನಿನ್ಯಾಗ ಹೇಳಿದ್ರು, "ನಿಮ್ಮ ಪಾಠ ನೀವ ರೆಕಾರ್ಡ್ ಮಾಡಿ ಕೇಳ್ರಿ." ಬೋರ್ಡಿನ ಮ್ಯಾಲ ಬರಿಯೋ ಖಡುವಿನ ಡಬ್ಬಿಗೆ ಫೋನ್ ಆನಿಸಿಟ್ಟು ರೆಕಾರ್ಡ್ ಮಾಡಿದ್ರು. ಸಂಜಿಕ ಬಸ್ಸಿನ್ಯಾಗ ಕಿವಿಗೆ ಹಚ್ಚಿಕೊಂಡು ಕೇಳಿದ್ರು.

"ಅಲ್ಲವ್ವ, ಇದೇನೈತಿ ಓದು."

"ಕ…"

"ಕಮಲ! ಹಾಂ, ಕುಂದರವ್ವಾ."

ಮತ್ತ ಇನ್ನೊಂದು. "ಬ…" "ಬಸವ! ಕುಂದರು." ಅಲ್ಲವ್ವ ಉಸಿರು ಎಳಕೊಳ್ಳೂದರಾಗ ಅಕ್ಕೋರು ಶಬ್ದ ಹೇಳಿ ಮುಗಿಸಿರತಿದ್ರು. ಇಡೀ ತಾಸಿನ್ಯಾಗ ಆ ಹುಡುಗಿ ಒಂದ ಶಬ್ದನೂ ಮುಗಿಸಿದ್ದಿಲ್ಲ, ಮುಗಿಸಾಕ ಬಿಟ್ಟಿದ್ದೂ ಇಲ್ಲ. ಎಲ್ಲಾರ ಮುಂದ ಕೂಸು ಸಂಕಟ ಪಡಬಾರದಂತ ಪ್ರೀತಿಲೇನ ಹೇಳಿಕೊಡತಿದ್ರು, ಪಾಪ. ಅಕ್ಕೋರು ಕಿಡಕ್ಯಾಗಿಂದ ಹೊರಗ ನೋಡಿಕೋತ ಕುಂತ್ರು. ಗೋಕಾಕ ಬಂದದ್ದು ತಿಳೀಲಿಲ್ಲ, ಕಂಡಕ್ಟರ್ ಕರದು ಇಳಿಸಿದ.

ಮರುದಿನದಿಂದ ಅಕ್ಕೋರು ಸುಮ್ನಿರೂದು ಕಲಿಯಾಕ ಹತ್ತಿದ್ರು. ನಗಬ್ಯಾಡ್ರಿ, ಅದು ಕಲಿಯೂ ವಿದ್ಯಾನ. ಕೈ ಹಿಂದ ಕಟ್ಟಿಕೊಂಡು, ಹಲ್ಲಿನ್ಯಾಗ ನಾಲಿಗಿ ಹಿಡಕೊಂಡು, ಮನಸಿನ್ಯಾಗ ಎಣಿಸೂದು. ಉಳಿದ ಹುಡುಗರು "ನಾ ಹೇಳ್ಲೇನ್ರಿ, ನಾ ಹೇಳ್ಲೇನ್ರಿ" ಅಂತ ಜಿಗದಾಡತಿದ್ವು, ಅವರಿಗೆ ಕಣ್ಣು ಬಿಡೂದು. ಮೊದಲನೇ ವಾರ ಅಲ್ಲವ್ವನೂ ಗಾಬರಿ ಆದ್ಲು. ಅಕ್ಕೋರು ಯಾಕ ಹೇಳವಲ್ರು, ಸಿಟ್ಟಿಗೆದ್ದಾರೇನು ಅಂತ ಮಾರಿ ಮಾರಿ ನೋಡತಿದ್ಲು.

ಡಿಸೆಂಬರ್ ಮುಗಿಯೂದರಾಗ ಒಂದು ದಿನ, ಪಾಠದಾಗ 'ಚಕ್ಕಡಿ' ಅಂತ ಬಂತು. ಅಲ್ಲವ್ವ ಎದ್ದು ನಿಂತಳು. ಬೆರಳು ಅಕ್ಷರದ ಕೆಳಗ ಇಟ್ಟಳು. "ಚ…" ಅಕ್ಕೋರು ಎಣಿಸಿದ್ರು, ಏಳು, ಎಂಟು. "ಚಕ…" ಹನ್ನೆರಡು. ಒತ್ತಿನ ಮ್ಯಾಲ ಬೆರಳು ನಿಂತು ಬಿಡ್ತು. ಅಕ್ಕೋರ ಗಂಟಲದಾಗ ಆ ಶಬ್ದ ಬಂದು ಕುಂತಿತ್ತು, ನುಂಗಿದ್ರು. ಹದಿನೇಳು. ಹದಿನೆಂಟು. "ಚಕ್… ಚಕ್ಕ… ಚಕ್ಕಡಿ! ಚಕ್ಕಡಿರಿ ಅಕ್ಕೋರ, ಚಕ್ಕಡಿ!"

ವರ್ಗ ಚಪ್ಪಾಳಿ ಹೊಡೀತು. ಅಕ್ಕೋರು ಬೋರ್ಡ್ ಒರಸೋ ನೆವ ಮಾಡಿ ಬೆನ್ನ ತಿರುಗಿಸಿ ಕಣ್ಣು ಒರಸಿಕೊಂಡ್ರು. ಖಡುವಿನ ಕೈ ನೋಡ್ರಿ, ಮಾರಿ ತುಂಬ ಬೆಳ್ಳಗಾತು.

ಎಲ್ಲಾ ಗೆದ್ರು ಅಂತಲ್ಲ. ಉದ್ದಪ್ಪನ ತಲಿಯೊಳಗ ಏನು ಮಾಡಿದ್ರೂ ಅಕ್ಷರ ನಿಲ್ಲಲಿಲ್ಲ. ಫೆಬ್ರುವರಿ ತನಕ ನೋಡಿದ್ರು, ಕಾಯ್ದ್ರು, ಬ್ಯಾರೆ ಬ್ಯಾರೆ ದಾರಿ ಹಿಡದ್ರು. 'ಉದ್ದಪ್ಪನ ವಿಷಯದಲ್ಲಿ ನನಗಿನ್ನೂ ಕಾರಣ ತಿಳಿದಿಲ್ಲ. ಮುಂದಿನ ವರ್ಷವೂ ನೋಡುತ್ತೇನೆ' ಅಂತ ಬರದ್ರು. ಮೊದಲಾಗಿದ್ರ 'ಮೂವರಲ್ಲೂ ಉತ್ತಮ ಪ್ರಗತಿ' ಅಂತ ಬರದು ಕೈ ತೊಳಕೋತಿದ್ರು. ಈ ಸಾಲು ಓದಿ ಮೇಘಾ ಬಾಜೂಕ ಒಂದ ಶಬ್ದ ಬರದಿದ್ರು: 'ಶಭಾಸ್.' ಅಕ್ಕೋರು ಅದನ್ನ ಗಂಡಗ ಮೂರು ಸಲ ತೋರಿಸಿದ್ರು.

ಮಾರ್ಚ್ ಎರಡನೇ ವಾರ ಪ್ರಬಂಧ ಸಿದ್ಧ ಆತು. ಸಾಲಿಯೊಳಗ ಅಧ್ಯಯನ ಮಾಡಿದ್ದಕ್ಕ ಹೆಡ್‌ಮಾಸ್ತರ ಸಹಿ ಬೇಕು. ಹೆಡ್‌ಮಾಸ್ತರ ದುಂಡಪ್ಪ ಗುರುಗಳು ಒಳ್ಳೇವರು, ಯಾರಿಗೂ ಗಟ್ಟಿ ಮಾತಾಡಿದವರಲ್ಲ, ಜೂನ್‌ದಾಗ ನಿವೃತ್ತಿ. ಚಾಳೀಸ ಏರಿಸಿಕೊಂಡು ಓದಿಕೋತ ಬಂದವರು ಮೂರನೇ ಅಧ್ಯಾಯದಾಗ ನಿಂತ್ರು.

"ಬಾಯೋರ, ಏನ್ ಬರದೀರಿ ಇದು?"

ಅದು ಕೈಲೆ ಬರದ ಒಂದ ಹಾಳಿ. ದೊಡ್ಡವರು ಬಂದಾಗ ಆ ಮೂರು ಮಕ್ಕಳನ್ನ ಹೊರಗ ಕಳಿಸತಿದ್ದದ್ದನ್ನ ಅಕ್ಕೋರು ಮುಚ್ಚಿಡದ ಬರದಿದ್ರು.

"ಖರೆ ಐತೆಲ್ರಿ ಗುರುಗಳ."

"ಖರೆ ಐತಿ, ಯಾರು ಇಲ್ಲ ಅಂದ್ರು? ಎಲ್ಲಾ ಕಡೆ ಮಾಡ್ತಾರ. ಆದ್ರ ಯಾರರ ಬರದು ಕೊಡ್ತಾರೇನ್ರಿ? ನಾಳೆ ಒಬ್ಬರ ಕೈಗೆ ಸಿಕ್ರ ನಿಮಗ ನೋಟಿಸ್ ಬರ್ತೈತಿ, ನನಗೂ ಬರ್ತೈತಿ. ಮೂವತ್ತಾರು ವರ್ಷ ಒಂದ ಕಪ್ಪ ಚುಕ್ಕಿ ಇಲ್ದ ನೌಕರಿ ಮಾಡೀನ್ರಿ ನಾ. ಈ ಒಂದ ಹಾಳಿ ತಗೀರಿ. ಉಳಿದದ್ದಕ್ಕ ಈಗಿಂದೀಗ ಸಹಿ ಹಾಕ್ತೀನಿ."

ಅವರ ಮಾತಿನ್ಯಾಗ ಸೊಕ್ಕು ಇದ್ದಿಲ್ಲ, ಅಂಜಿಕಿ ಇತ್ತು. ಅಕ್ಕೋರಿಗೆ ಅವರನ್ನ ನೋಡಿ ಕೆಡಕ ಅನಿಸಿತು. ಒಂದ ಹಾಳಿ ತೆಗೆದ್ರ ಡಿಗ್ರಿ ಕೈಯಾಗ. ತೆಗಿಲಿಲ್ಲಂದ್ರ ನಾಲ್ಕು ವರ್ಷ ಹಾಳು, ಜೋಡಿ ಒಬ್ಬ ಒಳ್ಳೇ ಮನಿಷಾನ ಮನಸು ಕೆಡಿಸಿದಂಗ. ಮೇಘಾಗ ಫೋನ್ ಹಚ್ಚಿದ್ರು.

"ತೆಗೆದ್ರೂ ನಾ ಒಪ್ಪತೀನ್ರಿ ಅಕ್ಕಾರ" ಅಂದ್ರು ಮೇಘಾ. "ಆದ್ರ ಆ ಹಾಳಿ ಯಾರ ಬಗ್ಗೆ ಐತಿ, ಅವರನ್ನ ಕೇಳೀರಿ? ಮಕ್ಕಳ ಬಗ್ಗೆ ಬರದ್ರ ಅವರಿಗೆ ತೋರಿಸಬೇಕು, ಅವರು ಹೂಂ ಅನ್ನಬೇಕು. ಅದು ನಮ್ಮ ವಿದ್ಯಾದ ನಿಯಮ. ಮೊದಲ ಅವರನ್ನ ಕೇಳ್ರಿ."

ಉದ್ದಪ್ಪನ ಮನಿಯೊಳಗ, ಕಿಶೋರನ ಮನಿಯೊಳಗ ಒಪ್ಪಿದ್ರು. ಅಲ್ಲವ್ವನ ಅವ್ವ ಯಲ್ಲವ್ವ ಎಮ್ಮಿ ಹಿಂಡಿ ಕೈ ಒರಸಿಕೋತ ಬಂದು ಹೆಬ್ಬಟ್ಟು ಒತ್ತಿದ್ಲು. "ನನಗೇನ್ ತಿಳಿತೈತ್ರಿ ಅಕ್ಕೋರ. ಆಕಿನ್ನ ಕೇಳ್ರಿ, ಆಕಿ ಬ್ಯಾಡ ಅಂದ್ರ ಬ್ಯಾಡ" ಅಂದ್ಲು.

ಮರುದಿನ ಮಧ್ಯಾಹ್ನ ಊಟ ಮುಗಿದ ಮ್ಯಾಲ ಅಕ್ಕೋರು ಅಲ್ಲವ್ವನ ಬಾಜೂಕ ಕುಂದ್ರಿಸಿಕೊಂಡ್ರು. ಖರೆ ಹೇಳ್ಲಿ? ಅಕ್ಕೋರಿಗೆ ಅಂಜಿಕಿ ಬಂದಿತ್ತು. ತಾವ ಮ್ಯಾಲ ಮ್ಯಾಲ ಓದಿ, ನಡುವಿನ ಬಿರುಸು ಸಾಲು ಹಾರಿಸಿ, ಹೂಂ ಅನಿಸಿಕೊಂಡು ಬಿಡಬೇಕಂತ ಮನಸಿನ್ಯಾಗ ಮಾಡಿಕೊಂಡಿದ್ರು. ಹಾಳಿ ತೆಗೆದ್ರು. ಅಲ್ಲವ್ವ ಅದನ್ನ ಕೈಯಿಂದ ಇಸಕೊಂಡಳು.

"ನಾನ ಓದ್ತೀನ್ರಿ."

ಹುಡುಗಿ ಬೆರಳು ಇಟ್ಟು ಶುರು ಮಾಡಿದ್ಲು.

"ದೊಡ್ಡವರು… ಶಾಲೆಗೆ ಬಂದಾಗ… ಓದಲು ಬಾರದ… ಈ ಮೂರು ಮಕ್ಕಳನ್ನು… ನಾನು ಹೊರಗೆ… ಕಳಿಸುತ್ತಿದ್ದೆ. ಕೆಲಸವೆಂದು… ಹೇಳಿ ಕಳಿಸುತ್ತಿದ್ದೆ. ಅವರು… ಕಾ… ಕಾಣ… ಕಾಣಬಾರದೆಂದು… ಕಳಿಸುತ್ತಿದ್ದೆ."

ಬೆರಳು ಅಲ್ಲೇ ನಿಂತಿತು. ಹಿಂದಕ್ಕ ಸರದು ಆ ಸಾಲನ್ನ ಇನ್ನೊಮ್ಮೆ ಓದಿದ್ಲು, ಈ ಸಲ ಬಾಯಿ ಬಿಡದ. ಆಮ್ಯಾಲ ಮಾರಿ ಎತ್ತಿದ್ಲು.

"ನಾವು ಜ್ವಾಕಿಲೆ ಮಾಡ್ತೀವಂತ ಅಲ್ಲೇನ್ರಿ?"

"ಅದಕ್ಕಲ್ಲ" ಅಂದ್ರು ಅಕ್ಕೋರು. "ನಿಮಗ ಓದಾಕ ಬರಂಗಿಲ್ಲ, ದೊಡ್ಡವರ ಮುಂದ ನನ್ನ ಮರ್ಯಾದಿ ಹೋಗ್ತೈತಿ ಅಂತ. ತಪ್ಪು ನಂದು. ನಿಂದೇನೂ ಇಲ್ಲ ನನ್ನವ್ವಾ, ಎಲ್ಲಾ ನಂದ."

ಅಲ್ಲವ್ವ ಹೊರಗ ನೋಡಿದ್ಲು. ಅಂಗಳದಾಗ ಹುಡುಗರು ಚಿಣ್ಣಿ ದಾಂಡು ಆಡಾಕತ್ತಿದ್ವು. ಆಕಿ ಕಣ್ಣು ತುಂಬಿದ್ವು, ಆದ್ರ ಹನಿ ಉದುರಿಸಲಿಲ್ಲ.

"ಇದನ್ನ ಬರೀಬ್ಯಾಡ್ರಿ ಅಕ್ಕೋರ" ಅಂದ್ಲು ಕಡೀಕ. "ಮಂದಿ ಓದಿದ್ರ ನಿಮಗ ಬೈತಾರ್ರಿ."

ಒಂಬತ್ತು ವರ್ಷದ ಕೂಸು. ತನಗಾದ ನೋವು ನುಂಗಿ, ನೋವು ಮಾಡಿದಾಕಿಗೆ ಯಾರೂ ಬೈಬಾರದು ಅಂತ ನೋಡಾಕತ್ತಿತ್ತು.

"ಬೈಲಿ ಬಿಡವ್ವಾ. ಬೈಸಿಕೋಬೇಕು ನಾ" ಅಂದ್ರು ಅಕ್ಕೋರು.

ಅಲ್ಲವ್ವ ವಿಚಾರ ಮಾಡಿದ್ಲು. "ಹಂಗಾರ ನಾನೂ ಒಂದ ಸಾಲ ಬರೀತೀನ್ರಿ, ಇದರಾಗ" ಅಂದು ಕೈ ಚಾಚಿದ್ಲು. ಅಕ್ಕೋರು ಪೆನ್ ಕೊಟ್ರು. ಹುಡುಗಿ ಹಾಳಿ ತೊಡಿ ಮ್ಯಾಲ ಇಟ್ಟುಕೊಂಡು, ನಾಲಿಗಿ ಹೊರಗ ಹಾಕಿ, ಒತ್ತಿ ಒತ್ತಿ ಬರದ್ಲು. ಬರದು ಅಕ್ಕೋರ ಕೈಗೆ ಕೊಟ್ಟು ಆಡಾಕ ಓಡಿ ಹೋದ್ಲು.

ಅಕ್ಕೋರು ಆ ಹಾಳಿ ಒಯ್ದು ದುಂಡಪ್ಪ ಗುರುಗಳ ಮೇಜಿನ ಮ್ಯಾಲ ಇಟ್ರು. ಗುರುಗಳು ಚಾಳೀಸ ಹಾಕಿಕೊಂಡ್ರು. ಅಕ್ಕೋರ ದುಂಡ ಅಕ್ಷರದ ಕೆಳಗ, ಸೊಟ್ಟ ಪಟ್ಟ ದೊಡ್ಡ ಅಕ್ಷರದಾಗ ಹಿಂಗಿತ್ತು:

'ಈಗ ನಾವು ಒಳಗ ಅದೀವಿ. ಅಲ್ಲವ್ವ.'

ಗುರುಗಳು ಅದನ್ನ ಎರಡು ಸಲ ಓದಿದ್ರು. ಆಮ್ಯಾಲ ಕಿಸೆದಾಗಿನ ಪೆನ್ ತೆಗೆದು, ಆ ಹಾಳಿ ಕೆಳಗ, ಹುಡುಗಿ ಹೆಸರಿನ ಬಾಜೂಕ, ತಮ್ಮ ಪೂರಾ ಹೆಸರು ಬರದು ಸಹಿ ಹಾಕಿದ್ರು.